ಸಂಬಳ ಜಾಸ್ತಿ ಮಾಡಿ ಎಂದು ಕೇಳಿದರೆ ಗೀತೆಗೆ ವಿರುದ್ಧವಾಗುತ್ತದಾ?

ಪ್ರಶ್ನೆ: ಸರ್, ನಾನು ದಾವಣಗೆರೆ ಹತ್ತಿರದ ಒಂದು ಊರಿನ ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೇರಿ 9 ವರ್ಷ ಆಯಿತು. ಸಂಬಳ 16,000 ರೂಪಾಯಿ. 3 ವರ್ಷದಿಂದ ಅದು ಏರಿಲ್ಲ. ಕಳೆದ ಜೂನ್‌ನಲ್ಲಿ ಹೊಸದಾಗಿ ಬಂದ ಟೀಚರ್‌ಗೆ 19,000 ಕೊಡುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಸ್ಟಾಫ್ ಮೀಟಿಂಗಿನಲ್ಲಿ ಒಬ್ಬರು ಇನ್‌ಕ್ರಿಮೆಂಟ್ ವಿಷಯ ಎತ್ತಿದಾಗ ಕಾರ್ಯದರ್ಶಿಯವರು, “ಇದು ಸೇವೆ. ಕೃಷ್ಣ ಗೀತೆಯಲ್ಲಿ ಏನು ಹೇಳಿದ್ದಾನೆ? ಕೆಲಸ ಮಾಡು, ಫಲ ಬಯಸಬೇಡ” ಎಂದರು. ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಮನೆಯಲ್ಲಿ ಅತ್ತೆಯವರೂ “ಹಣೆಯಲ್ಲಿ ಬರೆದಷ್ಟೇ ಸಿಗೋದು, ಸುಮ್ನೆ ಇರು” ಅನ್ನುತ್ತಾರೆ. ನಾನು ದಿನಾ ಬೆಳಿಗ್ಗೆ ಗೀತೆಯ ಒಂದು ಅಧ್ಯಾಯ ಓದುತ್ತೇನೆ. ಈಗ ಓದುವಾಗಲೆಲ್ಲ ನಾನೇ ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆ. ರಾತ್ರಿ ಆ 3,000ದ ವ್ಯತ್ಯಾಸವೇ ತಲೆಯಲ್ಲಿ ಸುತ್ತುತ್ತದೆ, ನಿದ್ದೆ ಬರುವುದಿಲ್ಲ. ಸಂಬಳ ಏರಲಿ ಎಂದು ದೇವರಿಗೆ ಹರಕೆ ಕೂಡ ಹೊತ್ತಿದ್ದೇನೆ. ಅದೂ ತಪ್ಪಾ? ಕೆಲಸ ಬಿಡೋಣ ಅಂದರೆ ಹತ್ತನೇ ತರಗತಿ ಮಕ್ಕಳ ಮುಖ ಕಣ್ಣಮುಂದೆ ಬರುತ್ತದೆ. ನನ್ನ ಮಗನೂ ಅದೇ ಶಾಲೆಯಲ್ಲಿ ಅರ್ಧ ಫೀಸಿಗೆ ಓದುತ್ತಿದ್ದಾನೆ. ನನಗೆ ದಾರಿ ತೋರಿಸಿ.

ಉತ್ತರ: ಟೀಚರ್, ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಸಂಬಳ ಜಾಸ್ತಿ ಮಾಡಿ ಎಂದು ಕೇಳುವುದು ಗೀತೆಗೆ ವಿರುದ್ಧವಲ್ಲ. ಹರಕೆ ಹೊತ್ತದ್ದೂ ತಪ್ಪಲ್ಲ. ಗೀತೆಗೆ ತಕರಾರು ಇರುವುದು ನಿಮ್ಮ ಪತ್ರದ ಬೇರೊಂದು ಸಾಲಿನ ಬಗ್ಗೆ, ಆ ರಾತ್ರಿಯ ಲೆಕ್ಕಾಚಾರದ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ನಿಮಗೆ ಬರಬೇಕಾದ ಹಣ ಬರುತ್ತಿಲ್ಲ ಎನ್ನುವುದು ಒಂದು. ಅದರಿಂದ ಒಳಗೆ ಹೊಟ್ಟೆಕಿಚ್ಚು, ಸಿಟ್ಟು ಬೆಳೆಯುತ್ತಿದೆ ಎನ್ನುವುದು ಇನ್ನೊಂದು. ಈ ಎರಡೂ ಇರುವುದಕ್ಕೆ ‘ನಾನು ಕೆಟ್ಟವಳು’ ಎಂಬ ಅಳುಕು ಮೂರನೆಯದು. ಮೊದಲನೆಯದಕ್ಕೆ ಪರಿಹಾರ ಶಾಲೆಯ ಆಫೀಸಿನಲ್ಲಿದೆ. ಎರಡನೆಯದಕ್ಕೆ ಗೀತೆಯಲ್ಲಿದೆ. ಮೂರನೆಯದು ಬೇಡವೇ ಬೇಡ. ಅದನ್ನು ಬೇರೆಯವರು ನಿಮ್ಮ ತಲೆಗೆ ಕಟ್ಟಿದ್ದಾರೆ.

ನಾನು ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವನು. ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಗೀತೆಯ ಪಾಠ ನಡೆಸುತ್ತೇನೆ. ಪಾಠಕ್ಕೆ ಬರುವವರು ಅತಿ ಹೆಚ್ಚು ಕೇಳುವುದು ಈ ಒಂದೇ ಶ್ಲೋಕದ ಬಗ್ಗೆ. ಡಬಲ್ ಡ್ಯೂಟಿ ಮಾಡುವ ನರ್ಸುಗಳು, ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳು, ಹಾಸಿಗೆ ಹಿಡಿದ ಮಾವನನ್ನು ಒಬ್ಬರೇ ನೋಡಿಕೊಳ್ಳುವ ಸೊಸೆಯಂದಿರು. ಒಂದು ಸಂಗತಿ ಗಮನಿಸಿದ್ದೇನೆ. ಈ ಶ್ಲೋಕವನ್ನು ಬೇರೆಯವರ ಬಾಯಿಂದ ಹೇಳಿಸಿಕೊಂಡವರು ಪಾಠಕ್ಕೆ ಬರುತ್ತಾರೆ. ಹೇಳಿದವರು ಬರುವುದು ಕಡಿಮೆ.

ಶ್ಲೋಕ ಪೂರ್ತಿ ಹೀಗಿದೆ, ಎರಡನೇ ಅಧ್ಯಾಯದ 47ನೆಯದು:

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ||

ಸ್ಟಾಫ್ ಮೀಟಿಂಗುಗಳಲ್ಲಿ ಇದು ಮೊದಲ ಸಾಲಿಗೇ ನಿಂತುಬಿಡುತ್ತದೆ. ‘ಕೆಲಸ ಮಾಡುವುದರಲ್ಲಷ್ಟೇ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ.’ ಮುಂದಿನ ಸಾಲು ಯಾರಿಗೂ ಬೇಡ. ‘ಕರ್ಮಫಲಕ್ಕೆ ಕಾರಣನಾಗಬೇಡ, ಕೆಲಸ ಮಾಡದೆ ಕೂರುವುದಕ್ಕೂ ಅಂಟಿಕೊಳ್ಳಬೇಡ.’ ಇದನ್ನು ಯಾರಿಗೆ ಹೇಳಿದ್ದು ನೋಡಿ. ಅರ್ಜುನ ಬಿಲ್ಲು ಕೆಳಗಿಟ್ಟು, ನನ್ನಿಂದಾಗದು ಎಂದು ರಥದಲ್ಲಿ ಕುಸಿದು ಕೂತಿದ್ದಾನೆ. ಅವನನ್ನು ಎಬ್ಬಿಸಲು ಕೃಷ್ಣ ಆಡಿದ ಮಾತಿದು. ಕೂತವನನ್ನು ಎಬ್ಬಿಸಲು ಹೇಳಿದ್ದನ್ನು ನಾವು ಎದ್ದವರನ್ನು ಕೂರಿಸಲು ಬಳಸುತ್ತಿದ್ದೇವೆ.

ಇನ್ನೊಂದು ವಿಷಯ. ಕೃಷ್ಣ ಫಲದ ಮಾತೇ ಆಡಬಾರದು ಎನ್ನುವವನಾಗಿದ್ದರೆ ಅವನೇ ಅದನ್ನು ಆಡುತ್ತಿರಲಿಲ್ಲ. ಈ ಶ್ಲೋಕಕ್ಕೆ ಹತ್ತು ಶ್ಲೋಕ ಹಿಂದೆ ಹೋಗಿ. “ಸತ್ತರೆ ಸ್ವರ್ಗ ಸಿಗುತ್ತದೆ, ಗೆದ್ದರೆ ಭೂಮಿಯನ್ನು ಅನುಭವಿಸುತ್ತೀಯೆ, ಏಳು” ಎನ್ನುತ್ತಾನೆ. ಹನ್ನೊಂದನೇ ಅಧ್ಯಾಯದಲ್ಲಿ ವಿಶ್ವರೂಪ ತೋರಿಸುತ್ತಿರುವಾಗಲೇ, “ಎದ್ದೇಳು, ಕೀರ್ತಿ ಪಡೆ, ಶತ್ರುಗಳನ್ನು ಗೆದ್ದು ಸಮೃದ್ಧವಾದ ರಾಜ್ಯವನ್ನು ಅನುಭವಿಸು” ಎನ್ನುತ್ತಾನೆ. ರಾಜ್ಯ ಬೇಡ ಎಂದು ಬಿಡಿಸಲು ಕೃಷ್ಣ ಎಲ್ಲೂ ಪ್ರಯತ್ನಿಸುವುದಿಲ್ಲ. ಬೇಡ ಎಂದವನು ಅರ್ಜುನ.

ಹಾಗಾದರೆ ಫಲ ಬೇಡ ಎಂದದ್ದು ಏಕೆ? ಶಂಕರಾಚಾರ್ಯರು ಈ ಶ್ಲೋಕದ ಭಾಷ್ಯದಲ್ಲಿ, ಫಲದ ದಾಹದಿಂದ ಕರ್ಮಕ್ಕೆ ಇಳಿದವನು ಕರ್ಮದ ಫಲವಾದ ಜನ್ಮಕ್ಕೆ ತಾನೇ ಕಾರಣನಾಗುತ್ತಾನೆ ಎಂದು ಬರೆಯುತ್ತಾರೆ. ಅವರ ಮನಸ್ಸಿನಲ್ಲಿದ್ದ ಲೆಕ್ಕ ಹುಟ್ಟುಸಾವಿನದು, ತಿಂಗಳ ಸಂಬಳದ್ದಲ್ಲ. ಇದನ್ನು ದುಡಿಮೆಯ, ಸಮಾಜದ ಕೆಲಸದ ಶ್ಲೋಕವಾಗಿ ಜನರ ನಡುವೆ ಹರಡಿದವರಲ್ಲಿ ಬಾಲಗಂಗಾಧರ ತಿಲಕರು ದೊಡ್ಡವರು. ಮಂಡಾಲೆ ಜೈಲಿನಲ್ಲಿ ಕೂತು ಗೀತೆಯ ಮೇಲೆ ಬರೆದ ಅವರ ಪುಸ್ತಕ 1915ರಲ್ಲಿ ಹೊರಬಂತು. ಸ್ವರಾಜ್ಯ ನನ್ನ ಜನ್ಮಸಿದ್ಧ ಹಕ್ಕು ಎಂದವರೂ ಅವರೇ. ಕರ್ಮಯೋಗವನ್ನು ಅಷ್ಟು ಎತ್ತಿಹಿಡಿದವರಿಗೆ ಹಕ್ಕು ಕೇಳುವುದರಲ್ಲಿ ಯಾವ ಮುಜುಗರವೂ ಇರಲಿಲ್ಲ.

ನನ್ನ ತಿಳಿವಳಿಕೆ ಇಷ್ಟು. ನೀವು ಬೀಜಗಣಿತ ಕಲಿಸುತ್ತೀರಿ. ಅದರ ಫಲ ಯಾವುದು? ಮಕ್ಕಳಿಗೆ ಅರ್ಥವಾಗುವುದು, ಪಾಸಾಗುವುದು, ಒಬ್ಬಳು ಮುಂದೆ ಇಂಜಿನಿಯರ್ ಆಗುವುದು, ಯಾರೋ ಒಬ್ಬ ನಿಮ್ಮನ್ನು ನೆನಪಿಟ್ಟುಕೊಳ್ಳುವುದು. ಇದು ಯಾವುದೂ ನಿಮ್ಮ ಕೈಯಲ್ಲಿಲ್ಲ. ಇಲ್ಲಿ ಫಲಕ್ಕೆ ಅಂಟಿಕೊಂಡರೆ ಕೊನೇ ಬೆಂಚಿನ ಹುಡುಗನ ಮೇಲೆ ವರ್ಷವಿಡೀ ರೇಗುತ್ತೀರಿ. ಸಂಬಳ ಹಾಗಲ್ಲ. ಅದು ಇಬ್ಬರು ಮಾತಾಡಿ ಮಾಡಿಕೊಂಡ ಒಪ್ಪಂದ. ನೀವು ಸಮಯ ಮತ್ತು ವಿದ್ಯೆ ಕೊಡುತ್ತೀರಿ, ಅವರು ಹಣ ಕೊಡುತ್ತಾರೆ. ಒಪ್ಪಂದದ ಒಂದು ಕಡೆ ಮಾತ್ರ ನಿಷ್ಕಾಮವಾಗಿರಬೇಕು ಎಂದು ಇನ್ನೊಂದು ಕಡೆಯವರು ಹೇಳಿದರೆ ನ್ಯಾಯವಾಗುತ್ತದಾ? ಶಾಲೆಯವರು ಫೀಸು ಕಟ್ಟದ ಪೋಷಕರಿಗೆ ಈ ಶ್ಲೋಕ ಹೇಳುವುದಿಲ್ಲವಲ್ಲ.

ನಮ್ಮ ಹಳೆಯ ಶಾಸ್ತ್ರಕಾರರಿಗೆ ಈ ವಿಷಯದಲ್ಲಿ ಗೊಂದಲ ಇರಲಿಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ರಾಜನ ಮುಂದೆ ಬರುವ ವ್ಯಾಜ್ಯಗಳನ್ನು 18 ಬಗೆಯಾಗಿ ಪಟ್ಟಿ ಮಾಡಿದ್ದಾರೆ. ಸಾಲ, ಗಡಿ ತಕರಾರು, ಕಳ್ಳತನದ ಜೊತೆಗೆ ‘ಸಂಬಳ ಕೊಡದಿರುವುದು’ ಅಲ್ಲಿ ಒಂದು ಪ್ರತ್ಯೇಕ ಬಗೆ. (ಮನುವಿನ ಎಷ್ಟೋ ಮಾತು ಇವತ್ತು ನಾನು ಒಪ್ಪುವುದಿಲ್ಲ. ಆದರೆ ಆ ಪಟ್ಟಿ ಸುಳ್ಳಾಗುವುದಿಲ್ಲ.) ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಕೂಲಿ ಇಷ್ಟು ಎಂದು ಮೊದಲೇ ಮಾತಾಡಿರದಿದ್ದರೆ, ಬೇಸಾಯದ ಆಳಿಗೆ ಬೆಳೆಯಲ್ಲಿ ಹತ್ತರಲ್ಲಿ ಒಂದು ಭಾಗ, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತರಲ್ಲಿ ಒಂದು ಭಾಗ ಸಲ್ಲಬೇಕು ಎಂದು ನಿಗದಿ ಮಾಡುತ್ತದೆ. ದುಡಿದವರಿಗೆ ಫಲಾಪೇಕ್ಷೆ ಬೇಡ ಎಂದು ಉಪದೇಶ ಮಾಡಿ ಕಳಿಸಿಲ್ಲ.

ಅದೆಲ್ಲ ವ್ಯವಹಾರದ ಗ್ರಂಥ, ಅಧ್ಯಾತ್ಮದ ಮಾತು ಬೇರೆ ಎಂದು ಯಾರಾದರೂ ಹೇಳಬಹುದು. ಅವರಿಗೆ ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯರನ್ನು ಪರಿಚಯ ಮಾಡಿಕೊಡಬೇಕು. ನನಗೆ ಬಹಳ ಇಷ್ಟವಾದ ಮನುಷ್ಯ. ಜನಕ ಮಹಾರಾಜ ಯಜ್ಞ ಮಾಡಿ 1,000 ಹಸು ಕಟ್ಟಿಸುತ್ತಾನೆ, ಕೊಂಬುಗಳಿಗೆ ಚಿನ್ನ ಕಟ್ಟಿರುತ್ತದೆ. ನಿಮ್ಮಲ್ಲಿ ಬ್ರಹ್ಮವನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವರು ಇವನ್ನು ಹೊಡೆದುಕೊಂಡು ಹೋಗಬಹುದು ಎನ್ನುತ್ತಾನೆ. ಸಭೆಯಲ್ಲಿ ಯಾರೂ ಅಲುಗಾಡುವುದಿಲ್ಲ. ಯಾಜ್ಞವಲ್ಕ್ಯರು ಶಿಷ್ಯನನ್ನು ಕರೆದು, “ಅಪ್ಪಾ, ಹಸುಗಳನ್ನು ಹೊಡೆದುಕೊಂಡು ನಡೆ” ಎಂದುಬಿಡುತ್ತಾರೆ. ಉಳಿದವರಿಗೆ ರೇಗುತ್ತದೆ. ಏನಯ್ಯಾ, ನಮ್ಮೆಲ್ಲರಲ್ಲಿ ನೀನೇ ದೊಡ್ಡ ಜ್ಞಾನಿಯೋ ಎಂದು ಕೇಳುತ್ತಾರೆ. ಇವರ ಉತ್ತರ: “ದೊಡ್ಡ ಜ್ಞಾನಿಗೆ ನಮಸ್ಕಾರ. ನಮಗೆ ಬೇಕಾದದ್ದು ಹಸುಗಳು, ಅಷ್ಟೇ.” ಆಮೇಲೆ ಒಬ್ಬೊಬ್ಬರ ಪ್ರಶ್ನೆಗೂ ನಿಂತು ಉತ್ತರ ಕೊಡುತ್ತಾರೆ.

ಮುಂದಿನ ಅಧ್ಯಾಯದಲ್ಲಿ ಅವರು ಮತ್ತೆ ಜನಕನ ಹತ್ತಿರ ಬರುತ್ತಾರೆ. ಯಾಕೆ ಬಂದಿರಿ, ದನಗಳಿಗಾಗಿಯೋ ಸೂಕ್ಷ್ಮವಾದ ಪ್ರಶ್ನೆಗಳಿಗಾಗಿಯೋ ಎಂದು ರಾಜ ಕೇಳುತ್ತಾನೆ. “ಎರಡಕ್ಕೂ, ಮಹಾರಾಜ” ಎನ್ನುತ್ತಾರೆ. ಬ್ರಹ್ಮವಿದ್ಯೆಯ ಅಷ್ಟು ದೊಡ್ಡ ಗುರು ಇಷ್ಟು ಸಲೀಸಾಗಿ ಹೇಳಿದ್ದನ್ನು ಹೇಳಲು ನಿಮಗೇಕೆ ಗಂಟಲು ಕಟ್ಟಬೇಕು? ಮಕ್ಕಳಿಗಾಗಿಯೂ ಬರುತ್ತೇನೆ, ಸಂಬಳಕ್ಕಾಗಿಯೂ ಬರುತ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಕಥೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಸಂವಾದದಲ್ಲಿ ಒಂದೊಂದು ಉತ್ತರಕ್ಕೂ ಜನಕ 1,000 ಹಸು ಕೊಡುತ್ತೇನೆ ಎನ್ನುತ್ತಾನೆ. ಯಾಜ್ಞವಲ್ಕ್ಯರು ತೆಗೆದುಕೊಳ್ಳುವುದಿಲ್ಲ. ಪೂರ್ತಿ ಕಲಿಸದೆ ತೆಗೆದುಕೊಳ್ಳಬಾರದು ಎನ್ನುವುದು ನಮ್ಮ ತಂದೆಯ ಅಭಿಪ್ರಾಯ ಎನ್ನುತ್ತಾರೆ. ಕೊನೆಗೆ ಒಂದು ದಿನ ಇದ್ದದ್ದನ್ನು ಇಬ್ಬರು ಹೆಂಡತಿಯರಿಗೆ ಹಂಚಿ ಮನೆ ಬಿಟ್ಟು ಹೊರಡುತ್ತಾರೆ. ಬೇಕಾದಾಗ ಬೇಕು ಎಂದರು, ಕೆಲಸ ಮುಗಿಯದೆ ಮುಟ್ಟಲಿಲ್ಲ, ಬಿಡುವ ಹೊತ್ತಿಗೆ ಬಿಟ್ಟರು. ಅನಾಸಕ್ತಿ, ಅಂದರೆ ಫಲಕ್ಕೆ ಅಂಟಿಕೊಳ್ಳದಿರುವುದು, ನೋಡಲು ಹೀಗಿರುತ್ತದೆ.

ನಮ್ಮ ಕಡೆಯವರು ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸುತ್ತಾರೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ತಂದಾಗ ಆಕೆ, “ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ” ಎಂದು ಅದನ್ನು ಹಿಂದಕ್ಕೆ ಹಾಕಿಸಿದಳು. ಹೌದು. ಆದರೆ ಆಕೆ ಹಿಂದಿರುಗಿಸಿದ್ದು ಅಗತ್ಯಕ್ಕಿಂತ ಜಾಸ್ತಿ ಬಂದದ್ದನ್ನು. ಅಂದಿನ ಊಟಕ್ಕೆ ಬೇಕಾದ ಅಕ್ಕಿಯನ್ನೇ ಬಿಟ್ಟುಬಾ ಎನ್ನಲಿಲ್ಲ. 16,000ದಲ್ಲಿ ಸಂಸಾರ ತೂಗಿಸುವವರಿಗೆ ಈ ವಚನ ಹೇಳುವ ಮೊದಲು ಸ್ವಲ್ಪ ಯೋಚಿಸಬೇಕು.

ಹಣೆಬರಹದ ಮಾತಿಗೆ ಬರೋಣ. ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ದೈವ ಇಲ್ಲವೇ ಇಲ್ಲ ಎಂದು ಗೀತೆ ಹೇಳುವುದಿಲ್ಲ. ಆದರೆ ಹದಿನೆಂಟನೇ ಅಧ್ಯಾಯದಲ್ಲಿ ಯಾವುದೇ ಕೆಲಸ ಆಗಲು ಐದು ಕಾರಣ ಹೇಳುತ್ತದೆ. ಆಶ್ರಯವಾದ ಶರೀರ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನಗಳು, ಐದನೆಯದಾಗಿ ದೈವ. ಐದರಲ್ಲಿ ಒಂದು! ಉಳಿದ ನಾಲ್ಕನ್ನು ನೀವು ಮುಟ್ಟಿಯೇ ಇಲ್ಲ. ಒಂದು ರಥ ಒಂದೇ ಚಕ್ರದಿಂದ ಓಡುವುದಿಲ್ಲ, ಹಾಗೆಯೇ ಮನುಷ್ಯಪ್ರಯತ್ನವಿಲ್ಲದೆ ದೈವ ಫಲಿಸುವುದಿಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕೇಳದೇ ಇದ್ದರೆ ಹಣೆಯಲ್ಲಿ ಏನು ಬರೆದಿತ್ತು ಎಂದು ಗೊತ್ತಾಗುವುದಾದರೂ ಹೇಗೆ? ಹಾಗೆಂದು ಅತ್ತೆಯವರ ಜೊತೆ ಶ್ಲೋಕಕ್ಕೆ ಶ್ಲೋಕ ಹೇಳಿ ವಾದಕ್ಕೆ ನಿಲ್ಲಬೇಡಿ. ಅವರ ಕಾಲದಲ್ಲಿ ಹೆಂಗಸರು ಕೇಳಿ ಪಡೆದದ್ದು ಕಡಿಮೆ, ಸಹಿಸಿ ಉಳಿದದ್ದೇ ಜಾಸ್ತಿ. ಅವರ ಮಾತಿನಲ್ಲಿ ಆ ಅನುಭವವಿದೆ. ‘ಒಂದು ಸಲ ಕೇಳಿ ನೋಡ್ತೀನಿ ಅತ್ತೆ, ಕೊಟ್ಟರೆ ದೇವರು ಕೊಟ್ಟ ಅಂದುಕೊಳ್ಳೋಣ’ ಎಂದರೆ ಅವರೂ ಬೇಡ ಎನ್ನಲಿಕ್ಕಿಲ್ಲ.

ಕೇಳುವುದು ಹೇಗೆ ಎನ್ನುವುದಕ್ಕೂ ಮಾದರಿ ಬೇಕಿದ್ದರೆ ಕೃಷ್ಣನೇ ಇದ್ದಾನೆ. ಗೀತೆ ಹೇಳುವುದಕ್ಕೂ ಮೊದಲು, ಉದ್ಯೋಗಪರ್ವದಲ್ಲಿ, ಅವನು ಹಸ್ತಿನಾಪುರಕ್ಕೆ ಹೋದದ್ದು ಪಾಂಡವರ ಪಾಲು ಕೇಳಲು. ನಮ್ಮ ಊರುಗಳ ಪೌರಾಣಿಕ ನಾಟಕದಲ್ಲಿ, ಕರಾವಳಿಯ ತಾಳಮದ್ದಳೆಯಲ್ಲಿ ಈ ಸಂಧಾನದ ದೃಶ್ಯಕ್ಕೆ ಜನ ನಿದ್ದೆಗೆಟ್ಟು ಕಾಯುತ್ತಾರೆ. ಅರ್ಧ ರಾಜ್ಯ ಬರಬೇಕಾದವರು ಐದು ಊರಿಗೆ ಇಳಿದಿದ್ದರು. ನಾಲ್ಕು ಊರಿಗೆ ಹೆಸರು ಹೇಳಿ, ಐದನೆಯದು ನೀವು ಕೊಟ್ಟದ್ದು ಯಾವುದಾದರೂ ಆದೀತು ಎಂದಿದ್ದರು. ಇಷ್ಟು ಖಚಿತವಾಗಿ, ತುಂಬಿದ ಸಭೆಯಲ್ಲಿ, ಮರ್ಯಾದೆಯಿಂದ. ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಎಂದವನು ದುರ್ಯೋಧನ. ಸಂಧಾನ ಮುರಿಯಿತು. ಆದರೆ ಕೇಳಿದ್ದೇ ತಪ್ಪು ಎಂದು ಮಹಾಭಾರತದಲ್ಲಿ ಧರ್ಮ ತಿಳಿದ ಯಾರೂ ಹೇಳಲಿಲ್ಲ.

ಆ ಪ್ರಯಾಣದಲ್ಲೇ ಕುಂತಿ ಮಕ್ಕಳಿಗೆ ಒಂದು ಕಥೆ ಹೇಳಿ ಕಳಿಸುತ್ತಾಳೆ. ವಿದುಲಾ ಎಂಬ ತಾಯಿ, ಸೋತು ಮನೆಯಲ್ಲಿ ಮಲಗಿದ ಮಗನನ್ನು ಬೈದು ಎಬ್ಬಿಸುವ ಕಥೆ. ಬಹಳ ಹೊತ್ತು ಹೊಗೆಯಾಡುವುದಕ್ಕಿಂತ ಒಂದು ಗಳಿಗೆ ಉರಿಯುವುದು ಮೇಲು ಎನ್ನುತ್ತಾಳೆ ಆಕೆ. ಸ್ಟಾಫ್ ರೂಮಿನಲ್ಲಿ ಉರಿದುಬೀಳಿ ಎಂದು ನಾನು ಹೇಳುತ್ತಿಲ್ಲ. ಆದರೆ 3 ವರ್ಷದಿಂದ ಹೊಗೆಯಾಡುತ್ತಿದ್ದೀರಿ, ನಿದ್ದೆ ಕೆಟ್ಟದ್ದು ಅದರಿಂದಲೇ.

ಈಗ ಗೀತೆ ನಿಜವಾಗಿ ನಿಮಗೆ ಏನು ಹೇಳುತ್ತಿದೆ ಎನ್ನುವ ಭಾಗ. ಎರಡನೇ ಅಧ್ಯಾಯದ 62 ಮತ್ತು 63ನೇ ಶ್ಲೋಕ ತೆಗೆಯಿರಿ. ಒಂದು ವಿಷಯವನ್ನು ಮತ್ತೆ ಮತ್ತೆ ಧ್ಯಾನಿಸಿದರೆ ಅದಕ್ಕೆ ಅಂಟು ಹುಟ್ಟುತ್ತದೆ, ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಅದರಿಂದ ನೆನಪು ಕೆಡುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ರಾತ್ರಿ ನೀವು ಮಾಡುತ್ತಿರುವುದು ಆ 3,000 ರೂಪಾಯಿಯ ಧ್ಯಾನ. ಅದರಿಂದ ಸಂಬಳ ಏರುವುದಿಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ಮಕ್ಕಳ ಮೇಲೆ ಸಿಡುಕುತ್ತೀರಿ. ಹೊಸ ಟೀಚರ್ ಜೊತೆ ಮಾತು ಬಿಡುತ್ತೀರಿ, ಪಾಪ, ಅವರದ್ದೇನು ತಪ್ಪು? ಬಂದ ದಿನ ಬಾಯಿಬಿಟ್ಟು ಕೇಳಿದ್ದಾರೆ, ಸಿಕ್ಕಿದೆ.

ಮೂರನೇ ಅಧ್ಯಾಯದ 30ನೇ ಶ್ಲೋಕದ ಕೊನೆಯಲ್ಲಿ ಕೃಷ್ಣ ಹೇಳುವುದು, ‘ಯುಧ್ಯಸ್ವ ವಿಗತಜ್ವರಃ’. ಜ್ವರ ಬಿಟ್ಟು ಯುದ್ಧ ಮಾಡು. ಯುದ್ಧ ಬಿಡು ಎಂದಿಲ್ಲ, ಜ್ವರ ಬಿಡು ಎಂದ. ನಿಮ್ಮ ವಿಷಯದಲ್ಲಿ 47ನೇ ಶ್ಲೋಕ ಕೆಲಸಕ್ಕೆ ಬರುವುದು ಇಲ್ಲಿ. ಕೇಳುವುದು ಕರ್ಮ, ಅದು ನಿಮ್ಮ ಅಧಿಕಾರ. ಕೊಡುವುದು ಬಿಡುವುದು ಫಲ, ಅದು ಆಡಳಿತ ಮಂಡಳಿಯ ಕೈಯಲ್ಲಿದೆ. ಚೆನ್ನಾಗಿ ತಯಾರಾಗಿ ಕೇಳಿ. ಕೇಳಿದ ರಾತ್ರಿ ಮಲಗಿ. ಹೇಳುವುದು ಸುಲಭ, ನನಗೂ ಗೊತ್ತು. ಒಂದು ಉಪಾಯ ಪಾಠಕ್ಕೆ ಬರುವ ಕೆಲವರಿಗೆ ಹಿಡಿಸಿದೆ: ಸಂಬಳದ ಚಿಂತೆಗೆ ವಾರದಲ್ಲಿ ಒಂದು ಹೊತ್ತು ಗೊತ್ತು ಮಾಡಿ, ಭಾನುವಾರ ಸಂಜೆ ಎಂದಿಟ್ಟುಕೊಳ್ಳಿ, ಕಾಗದ ಪೆನ್ನು ಹಿಡಿದು ಯೋಚಿಸುವುದು. ಬೇರೆ ದಿನ ಅದು ತಲೆಗೆ ಬಂದರೆ ‘ಭಾನುವಾರ’ ಎಂದು ಮುಂದಕ್ಕೆ ಹಾಕುವುದು. ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಪಾರಾಯಣ ಬದಲಿಯಲ್ಲ. ಹಿತಮಿತವಾದ ನಿದ್ದೆ ಬೇಕು ಎಂದು ಆರನೇ ಅಧ್ಯಾಯದಲ್ಲಿ ಗೀತೆಯೇ ಹೇಳಿದೆ.

ಹರಕೆಯ ಬಗ್ಗೆ ಚುಟುಕಾಗಿ. ಏಳನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಭಜಿಸುವವರು ನಾಲ್ಕು ಬಗೆ ಎನ್ನುತ್ತಾನೆ: ಕಷ್ಟದಲ್ಲಿರುವವನು, ತಿಳಿಯಬೇಕೆನ್ನುವವನು, ಹಣಕಾಸು ಬೇಡುವವನು, ಜ್ಞಾನಿ. ಜ್ಞಾನಿ ತನಗೆ ಹೆಚ್ಚು ಪ್ರಿಯ ಎನ್ನುತ್ತಾನೆ, ನಿಜ. ಆದರೆ ನಾಲ್ವರೂ ಒಳ್ಳೆಯವರೇ ಎಂದು ಬಾಯಿಬಿಟ್ಟು ಹೇಳುತ್ತಾನೆ. ದೇವರ ಹತ್ತಿರ ಕೇಳಿದ್ದಕ್ಕೆ ಅಳುಕಬೇಡಿ. ದೇವರ ಹತ್ತಿರ ಮಾತ್ರ ಕೇಳಿ, ಕಾರ್ಯದರ್ಶಿಯ ಹತ್ತಿರ ಕೇಳದೇ ಇರುವುದೇ ಇಲ್ಲಿ ತೊಡಕು.

ಇನ್ನು ಮಾಡಬೇಕಾದದ್ದು. ನನ್ನ ಸಲಹೆ, ಮುಂದಿನ ವರ್ಷದ ಫೀಸು ನಿಗದಿಯಾಗುವ ಮೊದಲು ಬರವಣಿಗೆಯಲ್ಲಿ ಕೇಳಿ. ಒಂದು ಪುಟ ಸಾಕು. ಎಷ್ಟು ವರ್ಷದ ಸೇವೆ, ಎಷ್ಟು ವರ್ಷದಿಂದ ಏರಿಲ್ಲ, ನಿಮ್ಮ ವಿಷಯದಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಏನು, ಪಾಠದ ಹೊರತಾಗಿ ಮಾಡಿದ ಕೆಲಸ ಏನು. ಏಪ್ರಿಲ್ ಬಿಸಿಲಿನಲ್ಲಿ ದಾಖಲಾತಿಗಾಗಿ ಮನೆ ಮನೆ ಸುತ್ತಿದ್ದರೆ ಅದನ್ನೂ ಬರೆಯಿರಿ. ನ್ಯಾಯ ಅನಿಸುವ ಒಂದು ಅಂಕಿ ಇಡಿ. ‘ಏನಾದರೂ ನೋಡಿ ಮಾಡಿ’ ಎಂದರೆ ಏನೂ ಆಗುವುದಿಲ್ಲ. ಹೊಸ ಟೀಚರ್ ಹೆಸರು ಎತ್ತಬೇಡಿ. ಕಾರ್ಯದರ್ಶಿಯವರು ಮತ್ತೆ ಶ್ಲೋಕ ಹೇಳಿದರೆ ನೀವು ತಿರುಗಿ ಶ್ಲೋಕ ಹೇಳಬೇಡಿ. ಮೂರನೇ ಅಧ್ಯಾಯದಲ್ಲಿ, ಪಡೆದು ಹಿಂದಿರುಗಿಸದೆ ಉಣ್ಣುವವನು ಕಳ್ಳನೇ ಸರಿ ಎಂಬ ಮಾತಿದೆ. ದೇವತೆಗಳಿಗೆ ಸಲ್ಲಬೇಕಾದ್ದರ ಬಗ್ಗೆ ಹೇಳಿದ್ದು ಅದು, ಆದರೂ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ‘ಸರ್, ಮಕ್ಕಳ ವಿಷಯದಲ್ಲಿ ಸೇವೆಯೇ. ಮನೆ ನಡೆಯಬೇಕಲ್ಲ, ಅದಕ್ಕೆ ಕೇಳ್ತಿದ್ದೀನಿ’ ಎಂದರೆ ಸಾಕು.

ಅಪಾಯ ಇಲ್ಲ ಎನ್ನಲಾರೆ. ಕೇಳಿದವರನ್ನು ‘ತಕರಾರಿನವರು’ ಎಂದು ಮೂಲೆಗೆ ತಳ್ಳುವ ಆಡಳಿತಗಳಿವೆ. ನಾಲ್ಕೈದು ಜನ ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತದೆ, ಜೊತೆಗೆ ಗುಂಪು ಕಟ್ಟಿದರು ಎಂಬ ಸಿಟ್ಟೂ ಬರಬಹುದು. ನಿಮ್ಮ ಮಗನ ಅರ್ಧ ಫೀಸನ್ನು ಮುಂದಿಟ್ಟು ಬಾಯಿ ಮುಚ್ಚಿಸಬಹುದು. ಆ ರಿಯಾಯಿತಿಯನ್ನು 12ರಿಂದ ಭಾಗಿಸಿ ಸಂಬಳಕ್ಕೆ ಸೇರಿಸಿ ನೋಡಿ. ಆಗ ನಿಜವಾದ ವ್ಯತ್ಯಾಸ 3,000ಕ್ಕಿಂತ ಕಡಿಮೆ ಬರಬಹುದು. ಹಾಗೆ ಬಂದರೆ ಅದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಬೇಕು.

ಇಲ್ಲ ಎಂದರೆ? ಉಳಿಯಬಹುದು. ಶಾಲೆ ಮನೆಗೆ ಹತ್ತಿರ, ಮಗ ಅಲ್ಲೇ ಓದುತ್ತಾನೆ, ಇನ್ನೆರಡು ವರ್ಷ ಇರುತ್ತೇನೆ ಎಂದು ತಿಳಿದೇ ನಿರ್ಧರಿಸಿದರೆ ಅದು ಸೋಲಲ್ಲ. ನೀವು ಒಪ್ಪಿ ಇದ್ದೀರಿ, ಅಷ್ಟೇ. ಆಮೇಲೆ ದಿನಾ ಗೊಣಗುವ ಹಾಗಿಲ್ಲ. ಅತಿ ಕೆಟ್ಟ ದಾರಿ ಇನ್ನೊಂದು, ಬಹಳ ಜನ ಗೊತ್ತಿಲ್ಲದೆ ಹಿಡಿಯುವುದು ಅದನ್ನೇ: ಕೊಟ್ಟ ಸಂಬಳಕ್ಕೆ ಇಷ್ಟೇ ಪಾಠ ಎಂದು ಕೈ ಬಿಗಿಹಿಡಿಯುವುದು. ಇದನ್ನು ಗೀತೆ ಒಪ್ಪುವುದಿಲ್ಲ. ಕಷ್ಟ ಎಂಬ ಒಂದೇ ಕಾರಣಕ್ಕೆ ಮಾಡಬೇಕಾದ ಕೆಲಸ ಬಿಡುವುದು ರಾಜಸ ತ್ಯಾಗ, ಅದರಿಂದ ತ್ಯಾಗದ ಫಲವೂ ಸಿಗದು ಎಂದು ಹದಿನೆಂಟನೇ ಅಧ್ಯಾಯ ಹೇಳುತ್ತದೆ. ಆಡಳಿತದ ಮೇಲಿನ ಸಿಟ್ಟಿಗೆ ದಂಡ ಕಟ್ಟುವವರು ಹತ್ತನೇ ತರಗತಿ ಮಕ್ಕಳು.

ಬಿಡುವುದೇ ಆದರೆ ನಡುವರ್ಷದಲ್ಲಿ ಬೇಡ. ಪರೀಕ್ಷೆ ಮುಗಿಯಲಿ. ಏಪ್ರಿಲ್, ಮೇನಲ್ಲಿ ಬೇರೆ ಶಾಲೆಗಳು ಹೇಗೂ ಹೊಸಬರನ್ನು ಹುಡುಕುತ್ತಿರುತ್ತವೆ, ಗಣಿತದ ಟೀಚರ್‌ಗೆ ಬೇಡಿಕೆಯೂ ಇದೆ. ಇನ್ನೊಂದು ಕಡೆಯ ಆದೇಶಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಹೊರಡುವ ಮೊದಲು ಪಿಎಫ್ ಸರಿಯಾಗಿ ಕಟ್ಟಿದ್ದಾರಾ ನೋಡಿಕೊಳ್ಳಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗಬೇಕಾದ ಇಡಿಗಂಟು, ಮರೆಯಬೇಡಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಸಲ್ಲುತ್ತದೆ ಎಂದು 2009ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 5 ವರ್ಷ ದಾಟಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ. ಗಣಿತ ಟೀಚರ್‌ಗೆ ಲೆಕ್ಕ ಹೇಳಿಕೊಡುವ ಧೈರ್ಯ ಮಾಡುತ್ತಿದ್ದೇನೆ: ಮೂಲವೇತನ, ಡಿಎ ಸೇರಿ 16,000 ಎಂದೇ ಹಿಡಿದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ, 9 ವರ್ಷಕ್ಕೆ ಸುಮಾರು 83,000 ರೂಪಾಯಿ ಆಗುತ್ತದೆ. ಕೆಲಸ ಬಿಟ್ಟ ತಿಂಗಳೊಳಗೆ ಶಾಲೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ಆಗಲ್ಲ ಎಂದರೆ ಆ ಪ್ರತಿ ಹಿಡಿದು ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.